ಜನ ತೀರ್ಪು ಕೊಟ್ಟ ಮೇಲೂ ಬ್ರಿಟನ್ ಸಂಸತ್ತು ಏಕೆ ಸಿಕ್ಕಿಹಾಕಿಕೊಂಡಿತು?

ಪ್ರಶ್ನೆ: ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂದು ಬ್ರಿಟನ್ ಜನ 2016ರ ಜನಮತಗಣನೆಯಲ್ಲಿ ಹೇಳಿಯಾಗಿತ್ತು. ಹಾಗಿದ್ದೂ ಸಂಸತ್ತು ಮೂರೂವರೆ ವರ್ಷ ಎಳೆದಾಡಿತು. ಇದು ಸಂಸದರು ಜನಾದೇಶಕ್ಕೆ ಬಗೆದ ದ್ರೋಹವಲ್ಲವೆ? ಇನ್ನೊಮ್ಮೆ ಜನರನ್ನೇ ಕೇಳಿದ್ದರೆ ಕಗ್ಗಂಟು ಬಿಚ್ಚುತ್ತಿತ್ತೆ? ಇಂಥ ಸ್ಥಿತಿ ಬಾರದಂತೆ ಜನಮತಗಣನೆ ನಡೆಸುವುದು ಹೇಗೆ?

ಉತ್ತರ: ದ್ರೋಹ ಎಂಬ ಮಾತಿಗೆ ಮತಗಳ ಲೆಕ್ಕದಲ್ಲಿ ಆಧಾರ ಸಿಗುವುದಿಲ್ಲ. ಜನಮತಗಣನೆಗೆ ದಾರಿ ಮಾಡುವ ಮಸೂದೆಗೆ 2015ರ ಜೂನ್‌ನಲ್ಲಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಎರಡನೇ ವಾಚನದಲ್ಲಿ 544–53 ಮತಗಳಿಂದ ಒಪ್ಪಿಗೆ ಕೊಟ್ಟಿತು. ಫಲಿತಾಂಶ ಬಂದ ಮೇಲೆ, ಒಕ್ಕೂಟಕ್ಕೆ ನಿರ್ಗಮನದ ನೋಟಿಸ್ ಕೊಡುವ ಅಧಿಕಾರವನ್ನು ಪ್ರಧಾನಿಗೆ ನೀಡುವ ಮಸೂದೆ 2017ರ ಫೆಬ್ರವರಿ 1ರಂದು ಎರಡನೇ ವಾಚನದಲ್ಲಿ 498–114ರಿಂದ ಗೆದ್ದಿತು. ಒಕ್ಕೂಟದಲ್ಲೇ ಉಳಿಯೋಣ ಎಂದು ಪ್ರಚಾರ ಮಾಡಿದ್ದ ಬಹುಪಾಲು ಸಂಸದರು ಕೂಡ ಅಂದು ಪರವಾಗಿಯೇ ಮತ ಹಾಕಿದರು. ಹೊರಡುವುದಕ್ಕೆ ಬಹುಮತ ಇತ್ತು. ಹೊರಟು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಇರಲಿಲ್ಲ. ಮತಪತ್ರದಲ್ಲಿ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಮುಂದೆ ಆದದ್ದೆಲ್ಲ ಈ ಒಂದು ಲೋಪದಿಂದ ಹುಟ್ಟಿದ್ದು.

2016ರ ಜೂನ್ 23ರಂದು ಮತದಾರರ ಮುಂದೆ ಇದ್ದದ್ದು ಎರಡೇ ಆಯ್ಕೆ: ಒಕ್ಕೂಟದ ಸದಸ್ಯ ರಾಷ್ಟ್ರವಾಗಿ ಉಳಿಯುವುದು ಅಥವಾ ಒಕ್ಕೂಟವನ್ನು ಬಿಡುವುದು. ಬಿಡಬೇಕು ಎಂದವರು 1,74,10,742, ಅಂದರೆ ಶೇ 51.9. ಉಳಿಯಬೇಕು ಎಂದವರು 1,61,41,241. ‘ಉಳಿಯುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು, ಆ ಸ್ಥಿತಿ ಕಣ್ಣೆದುರೇ ಇತ್ತು. ‘ಬಿಡುವುದು’ ಎಂಬ ಪದದ ಒಳಗೆ ಮಾತ್ರ ಕನಿಷ್ಠ ಮೂರು ಬೇರೆ ಬೇರೆ ದೇಶಗಳಿದ್ದವು. ನಾರ್ವೆಯಂತೆ ಸದಸ್ಯತ್ವ ಬಿಟ್ಟು ಏಕ ಮಾರುಕಟ್ಟೆಯಲ್ಲಿ (ಸರಕು, ಸೇವೆ, ಬಂಡವಾಳ, ಜನ ಒಂದೇ ನಿಯಮದಡಿ ಮುಕ್ತವಾಗಿ ಓಡಾಡುವ ವ್ಯವಸ್ಥೆಯಲ್ಲಿ) ಉಳಿಯುವುದು ಒಂದು. ಕೆನಡಾದಂತೆ ದೂರದಿಂದ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವುದು ಇನ್ನೊಂದು. ಯಾವ ಒಪ್ಪಂದವೂ ಇಲ್ಲದೆ ವಿಶ್ವ ವ್ಯಾಪಾರ ಸಂಘಟನೆಯ ಸಾಮಾನ್ಯ ನಿಯಮಗಳ ಮೇಲೆ ನಡೆಯುವುದು ಮತ್ತೊಂದು. ಈ ಮೂರನ್ನೂ ಬಯಸಿದವರ ಮತಗಳು ಒಂದೇ ಪೆಟ್ಟಿಗೆಗೆ ಬಿದ್ದವು, ಒಂದೇ ರಾಶಿಯಾಗಿ ಎಣಿಕೆಯಾದವು.

ಕಾನೂನಿನ ತೊಡಕೂ ಇತ್ತು. 2015ರ ಕಾಯ್ದೆಯಲ್ಲಿ ಫಲಿತಾಂಶ ಬಂದ ಮೇಲೆ ಯಾರು ಏನು ಮಾಡಬೇಕು ಎಂದು ಒಂದು ಸಾಲೂ ಇರಲಿಲ್ಲ. ಹಾಗೆ ಬರೆಯಲು ಬಾರದೆ ಬಿಟ್ಟದ್ದೇನಲ್ಲ. ಮತದಾನ ಪದ್ಧತಿ ಬದಲಿಸುವ ಬಗ್ಗೆ 2011ರಲ್ಲಿ ನಡೆದ ಜನಮತಗಣನೆಯ ಕಾಯ್ದೆಯಲ್ಲಿ, ಜನ ಹೌದು ಎಂದರೆ ಹೊಸ ನಿಯಮಗಳನ್ನು ಸಚಿವರು ಜಾರಿಗೆ ತರಲೇಬೇಕು ಎಂದಿತ್ತು. ಆ ನಿಯಮಗಳೂ ಕಾಯ್ದೆಯೊಳಗೇ ಸಿದ್ಧವಾಗಿದ್ದವು. 2016ಕ್ಕೆ ಅಂಥ ತಯಾರಿ ಆಗಲಿಲ್ಲ. ಜನ ‘ಬಿಡೋಣ’ ಎಂದರೆ ಏನು ಮಾಡಬೇಕೆಂಬ ಯೋಜನೆಯನ್ನೇ ಡೇವಿಡ್ ಕ್ಯಾಮರೂನ್ ಸರ್ಕಾರ ಸಿದ್ಧಪಡಿಸಿರಲಿಲ್ಲ. ಕಾಮನ್ಸ್ ಸಭೆಯ ವಿದೇಶಾಂಗ ವ್ಯವಹಾರಗಳ ಸಮಿತಿ ಇದನ್ನು ಘೋರ ನಿರ್ಲಕ್ಷ್ಯ ಎಂದೇ ಕರೆಯಿತು, ಸರಿಯಾಗಿಯೇ ಕರೆಯಿತು. ಕಾಯ್ದೆಯ ಈ ಮೌನದಿಂದಲೇ ವಿಷಯ ಕೋರ್ಟಿಗೆ ಹೋಯಿತು. ಸಂಸತ್ತಿನ ಒಪ್ಪಿಗೆಯಿಲ್ಲದೆ ಸರ್ಕಾರ ನೋಟಿಸ್ ಕೊಡುವಂತಿಲ್ಲ ಎಂದು 2017ರ ಜನವರಿ 24ರಂದು ಸುಪ್ರೀಂ ಕೋರ್ಟ್ 8–3ರ ಬಹುಮತದಿಂದ ಹೇಳಿತು.

ಅಲ್ಲಿಂದ ಮುಂದೆ, ಕ್ಯಾಮರೂನ್ ನಂತರ ಪ್ರಧಾನಿಯಾದ ಥೆರೆಸಾ ಮೇ ಮಾಡಿದ ಎರಡು ತಪ್ಪುಗಳು, ನನ್ನ ಅಂದಾಜಿನಲ್ಲಿ, ಬಾಗಿಲಿಗೆ ಬೀಗ ಜಡಿದವು.

ಮೊದಲನೆಯದು ಗಡುವಿನದು. ಒಕ್ಕೂಟದ ಒಪ್ಪಂದದ 50ನೇ ವಿಧಿಯ ಪ್ರಕಾರ ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷಕ್ಕೆ ಸದಸ್ಯತ್ವ ತಾನಾಗಿಯೇ ಮುಗಿಯುತ್ತದೆ. ಅವಧಿ ವಿಸ್ತರಿಸಬೇಕೆಂದರೆ ಉಳಿದ 27 ದೇಶಗಳೂ ಒಮ್ಮತದಿಂದ ಒಪ್ಪಬೇಕು. ಯಾವ ಬಗೆಯ ಸಂಬಂಧ ಬೇಕೆಂದು ತನ್ನ ಸಂಪುಟದಲ್ಲೇ ಒಮ್ಮತ ಮೂಡುವ ಮೊದಲು, 2017ರ ಮಾರ್ಚ್ 29ರಂದು, ಮೇ ನೋಟಿಸ್ ಕೊಟ್ಟರು. ಗಡಿಯಾರ ಓಡಲು ಶುರುವಾಯಿತು. ಆ ಹೊತ್ತಿಗೆ, ಜನವರಿಯ ಲ್ಯಾಂಕಾಸ್ಟರ್ ಹೌಸ್ ಭಾಷಣದಲ್ಲಿ, ಏಕ ಮಾರುಕಟ್ಟೆಯಲ್ಲೂ ಸುಂಕ ಒಕ್ಕೂಟದಲ್ಲೂ (ಒಳಗೆ ಸುಂಕವಿಲ್ಲದೆ, ಹೊರಗಿನ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುವ ಕೂಟದಲ್ಲೂ) ಇರುವುದಿಲ್ಲ ಎಂದು ವಿರೋಧ ಪಕ್ಷಗಳನ್ನು ಕೇಳದೆಯೇ ಘೋಷಿಸಿಯೂ ಆಗಿತ್ತು.

ಎರಡನೆಯದು ಚುನಾವಣೆ. ಗಡಿಯಾರ ಓಡುತ್ತಿರುವಾಗಲೇ 2017ರ ಜೂನ್ 8ಕ್ಕೆ ಅವಧಿಪೂರ್ವ ಚುನಾವಣೆ ನಡೆಸಿ ಮೇ ಬಹುಮತ ಕಳೆದುಕೊಂಡರು. 650 ಸ್ಥಾನಗಳಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಸಿಕ್ಕಿದ್ದು 317. ಸ್ಪೀಕರ್, ಮೂವರು ಉಪ ಸ್ಪೀಕರ್‌ಗಳು ಮತ ಹಾಕುವುದಿಲ್ಲ. ಶಿನ್ ಫೇನ್ ಪಕ್ಷದ 7 ಮಂದಿ ಸಭೆಗೇ ಬರುವುದಿಲ್ಲ. ಆದ್ದರಿಂದ ನಿಜವಾದ ಬಹುಮತದ ಗೆರೆ 320. ಅದನ್ನು ದಾಟಲು ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗವಾಗಿಯೇ ಇರಬೇಕೆನ್ನುವ ಅಲ್ಲಿನ ಡಿಯುಪಿ ಪಕ್ಷದ 10 ಸದಸ್ಯರಿಂದ ಬಾಹ್ಯ ಬೆಂಬಲ ಪಡೆಯಬೇಕಾಯಿತು. ಅದಕ್ಕಾಗಿ ಉತ್ತರ ಐರ್ಲೆಂಡಿಗೆ 100 ಕೋಟಿ ಪೌಂಡ್ ಹೆಚ್ಚುವರಿ ಅನುದಾನ ಕೊಡಲಾಯಿತು. ಈ ಹತ್ತು ಮಂದಿಯ ಮಹತ್ವ ತಿಳಿಯಬೇಕಾದರೆ ಐರ್ಲೆಂಡಿನ ಗಡಿಯನ್ನು ತಿಳಿಯಬೇಕು.

ಐರ್ಲೆಂಡ್ ದ್ವೀಪದಲ್ಲಿ ಎರಡು ಆಡಳಿತಗಳಿವೆ. ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದು, ಉಳಿದದ್ದು ಒಕ್ಕೂಟದ ಸದಸ್ಯ ರಾಷ್ಟ್ರವಾದ ಐರ್ಲೆಂಡ್ ಗಣರಾಜ್ಯ. ನಡುವಿನ ಸುಮಾರು 500 ಕಿ.ಮೀ. ಗಡಿಯನ್ನು 200ಕ್ಕೂ ಹೆಚ್ಚು ರಸ್ತೆಗಳು ದಾಟುತ್ತವೆ. ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರ ಅಲ್ಲಿನ ಸೇನಾ ಕಾವಲು ಗೋಪುರಗಳು ಇಳಿದವು. ಸುಂಕದ ಕಟ್ಟೆಗಳು ಅದಕ್ಕೂ ಮೊದಲೇ, ಏಕ ಮಾರುಕಟ್ಟೆ ಬಂದಾಗ, ಮಾಯವಾಗಿದ್ದವು. ಎರಡೂ ಕಡೆ ಒಂದೇ ಸುಂಕ, ಒಂದೇ ಆಹಾರ ಸುರಕ್ಷತಾ ನಿಯಮ ಇರುವವರೆಗೆ ಲಾರಿಯನ್ನು ನಿಲ್ಲಿಸಿ ತಪಾಸಣೆ ಮಾಡುವ ಅಗತ್ಯವಿಲ್ಲ. ನಿಯಮಗಳು ಬೇರೆಯಾದ ದಿನ ಎಲ್ಲೋ ಒಂದು ಕಡೆ ತಪಾಸಣೆ ಆಗಲೇಬೇಕು.

ಮೇ ಸರ್ಕಾರ ಏಕಕಾಲಕ್ಕೆ ಮೂರು ಮಾತು ಕೊಟ್ಟಿತ್ತು: ಏಕ ಮಾರುಕಟ್ಟೆ, ಸುಂಕ ಒಕ್ಕೂಟ ಎರಡನ್ನೂ ಬಿಡುತ್ತೇವೆ, ದ್ವೀಪದೊಳಗೆ ತಪಾಸಣೆ ಬಾರದಂತೆ ನೋಡಿಕೊಳ್ಳುತ್ತೇವೆ, ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವಿನ ಸಮುದ್ರದಲ್ಲೂ ತಪಾಸಣೆ ಇರುವುದಿಲ್ಲ. ಇವುಗಳಲ್ಲಿ ಯಾವುದಾದರೂ ಎರಡನ್ನು ಉಳಿಸಿಕೊಳ್ಳಬಹುದಿತ್ತು, ಮೂರನ್ನೂ ಅಲ್ಲ. ಮೇ ಆಯ್ದ ದಾರಿ ‘ಬ್ಯಾಕ್‌ಸ್ಟಾಪ್’: ಬೇರೆ ಪರಿಹಾರ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದೊಂದಿಗೆ ಒಂದೇ ಸುಂಕ ಪ್ರದೇಶದಲ್ಲಿ ಇರುವುದು, ಅದರಿಂದ ಏಕಪಕ್ಷೀಯವಾಗಿ ಹೊರಬರಲು ಅವಕಾಶ ಇಲ್ಲದಿರುವುದು. ಅಂದರೆ ಮೊದಲನೇ ಮಾತು ಮುರಿಯಿತು, ಮೇ ಪಕ್ಷದ ಕಟ್ಟಾ ಬ್ರೆಕ್ಸಿಟ್‌ವಾದಿಗಳು ಸಿಡಿದೆದ್ದರು. ಉತ್ತರ ಐರ್ಲೆಂಡಿಗಷ್ಟೇ ಒಕ್ಕೂಟದ ಇನ್ನಷ್ಟು ನಿಯಮಗಳು ಅನ್ವಯವಾಗುವುದರಿಂದ ಮೂರನೇ ಮಾತೂ ಅಲ್ಪಸ್ವಲ್ಪ ಮುರಿಯಿತು, ಡಿಯುಪಿ ಕೈಬಿಟ್ಟಿತು.

ಈಗ ಮೂರು ಮತದಾನಗಳನ್ನು ನೋಡೋಣ. 585 ಪುಟಗಳ ನಿರ್ಗಮನ ಒಪ್ಪಂದ 2019ರ ಜನವರಿ 15ರಂದು 432–202ರಿಂದ ಬಿದ್ದಿತು. ಸೋಲಿನ ಅಂತರ 230. ಮಾರ್ಚ್ 12ರಂದು 391–242, ಅಂತರ 149. ಮಾರ್ಚ್ 29ರಂದು 344–286, ಅಂತರ 58. ವಿರುದ್ಧ ನಿಂತ ಕನ್ಸರ್ವೇಟಿವ್ ಸದಸ್ಯರ ಸಂಖ್ಯೆ 118ರಿಂದ 75ಕ್ಕೆ, ಕೊನೆಗೆ 34ಕ್ಕೆ ಇಳಿಯಿತು. ಕೊನೆಯ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಿ. ಆ 34 ಮಂದಿಯೂ ಪಕ್ಷ ಹೇಳಿದಂತೆ ಮತ ಹಾಕಿದ್ದರೆ ಒಪ್ಪಂದ 320–310ರಿಂದ ಗೆಲ್ಲುತ್ತಿತ್ತು. ಡಿಯುಪಿಯೂ ಬೇಕಿರಲಿಲ್ಲ, ಲೇಬರ್ ಪಕ್ಷದಿಂದ ಇನ್ನಷ್ಟು ಮತಗಳೂ ಬೇಕಿರಲಿಲ್ಲ. ಆದರೆ ಅವರು ಒಂದೇ ಮನಸ್ಸಿನವರಲ್ಲ. 28 ಮಂದಿಗೆ ಒಪ್ಪಂದ ತೀರಾ ಮೆದು ಎನಿಸಿತ್ತು. ಉಳಿದ ಆರು ಮಂದಿಗೆ ತೀರಾ ಕಠಿಣ ಎನಿಸಿತ್ತು. 28 ಮಂದಿಯನ್ನು ಪೂರ್ತಿ ಒಲಿಸಿಕೊಂಡಿದ್ದರೂ ಲೆಕ್ಕ 314–316ಕ್ಕೆ ನಿಲ್ಲುತ್ತಿತ್ತು, ಎರಡು ಮತಗಳಿಂದ ಸೋಲು. ಒಂದು ತುದಿಯವರನ್ನು ಒಲಿಸಲು ಏನನ್ನು ಬದಲಿಸಿದರೂ ಇನ್ನೊಂದು ತುದಿಯವರು ಜಾರುತ್ತಿದ್ದರು.

ರಾಜಕೀಯ ಬಿಕ್ಕಟ್ಟುಗಳ ಬಗ್ಗೆ ಓದುವಾಗ ‘ವಿರುದ್ಧ 344’ ಎಂಬ ಸಂಖ್ಯೆಯನ್ನು ಒಂದು ಪಕ್ಷವೆಂದು ಓದುವುದು ಸಾಮಾನ್ಯವಾಗಿ ಆಗುವ ತಪ್ಪು. ಅದು ಬೇರೆ ಬೇರೆ ಕಾರಣಕ್ಕೆ ಒಂದೇ ಬಾಗಿಲಿನಿಂದ ಒಳಬಂದ ಮೂರು ನಾಲ್ಕು ಗುಂಪುಗಳ ಮೊತ್ತ.

ಹಾಗಿದ್ದರೆ ಸಂಸತ್ತಿಗೆ ಏನು ಬೇಕೆಂದು ನೇರವಾಗಿ ಕೇಳಬಾರದಿತ್ತೆ? ಕೇಳಿದರು. ಕನ್ಸರ್ವೇಟಿವ್ ಸಂಸದ ಆಲಿವರ್ ಲೆಟ್‌ವಿನ್ ಅವರ ತಿದ್ದುಪಡಿ ಸಭೆಯ ಕಾರ್ಯಕಲಾಪವನ್ನು ಸರ್ಕಾರದ ಕೈಯಿಂದ ಕಿತ್ತುಕೊಂಡಿತು. ಮಾರ್ಚ್ 27ರಂದು ಎಂಟು ಆಯ್ಕೆಗಳ ಮೇಲೆ ಸಂಸದರು ಮತಪತ್ರದಲ್ಲಿ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿದರು. ಎಂಟೂ ಸೋತವು. ಏಪ್ರಿಲ್ 1ರಂದು ನಾಲ್ಕು ಆಯ್ಕೆಗಳನ್ನು ಮತ್ತೆ ಮತಕ್ಕೆ ಹಾಕಲಾಯಿತು. ಸುಂಕ ಒಕ್ಕೂಟದಲ್ಲಿ ಉಳಿಯೋಣ ಎಂಬ ಸಂಸದ ಕೆನ್ ಕ್ಲಾರ್ಕ್ ಅವರ ಗೊತ್ತುವಳಿ 273–276, ಅಂದರೆ ಮೂರೇ ಮತಗಳಿಂದ ಬಿದ್ದಿತು. ಒಪ್ಪಂದವನ್ನು ಮತ್ತೆ ಜನರ ಮುಂದಿಡುವ ಗೊತ್ತುವಳಿ 280–292ರಿಂದ ಬಿದ್ದಿತು.

ಇಲ್ಲಿ ತಪ್ಪಿದ್ದು ಮತ ಹಾಕಿಸಿದ ಕ್ರಮದಲ್ಲಿ. ಪ್ರತಿ ಆಯ್ಕೆಗೂ ಬೇರೆ ಬೇರೆಯಾಗಿ ಹೌದು–ಇಲ್ಲ ಎಂದು ಕೇಳಿದರೆ, ತನ್ನ ಎರಡನೇ ಇಷ್ಟದ ಆಯ್ಕೆಗೂ ‘ಇಲ್ಲ’ ಎನ್ನುವುದೇ ಸದಸ್ಯನಿಗೆ ಲಾಭ. ಅದು ಗೆದ್ದರೆ ಮೊದಲ ಇಷ್ಟದ್ದು ಸತ್ತಂತೆ. ಎರಡನೇ ಜನಮತಗಣನೆಗೆ ಪಟ್ಟು ಹಿಡಿದಿದ್ದ ಕೆಲವರು ಸುಂಕ ಒಕ್ಕೂಟದ ವಿರುದ್ಧ ಮತ ಹಾಕಿದ್ದು, ಇನ್ನು ಕೆಲವರು ಮತವನ್ನೇ ಹಾಕದೆ ಕುಳಿತದ್ದು ಈ ಕಾರಣಕ್ಕೆ. ಬದಲಿಗೆ ಆಯ್ಕೆಗಳನ್ನು 1, 2, 3 ಎಂದು ಆದ್ಯತೆಯ ಮೇಲೆ ಗುರುತಿಸಿ, ಕಡಿಮೆ ಮತ ಬಂದದ್ದನ್ನು ಸುತ್ತು ಸುತ್ತಾಗಿ ಕೈಬಿಡುತ್ತ ಹೋಗಿದ್ದರೆ ಕೊನೆಗೆ ಒಂದು ಉಳಿಯಲೇಬೇಕಿತ್ತು. ಇದೇ ಸಭೆ ಇದೇ ಗುಂಡಿಗೆ ಮೊದಲೂ ಬಿದ್ದಿತ್ತು. 2003ರ ಫೆಬ್ರವರಿಯಲ್ಲಿ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಸುಧಾರಣೆಯ ಹಲವು ಮಾದರಿಗಳನ್ನು ಒಂದೊಂದಾಗಿ ಮತಕ್ಕೆ ಹಾಕಿದಾಗ ಎಲ್ಲವೂ ಬಿದ್ದವು. ಶೇ 80ರಷ್ಟು ಚುನಾಯಿತ ಸದಸ್ಯರಿರುವ ಮಾದರಿ ಅಂದು ಸೋತದ್ದೂ ಮೂರೇ ಮತಗಳಿಂದ, 281–284. ಹದಿನಾರು ವರ್ಷಗಳ ಹಿಂದಿನ ಅನುಭವ ಕೈಯಲ್ಲಿದ್ದೂ ಅದೇ ಕ್ರಮವನ್ನು ಅನುಸರಿಸಿದ್ದು ನೋವಿನ ಸಂಗತಿ. ಕ್ಲಾರ್ಕ್ ಗೊತ್ತುವಳಿ ಸೋತ ಆ ಮೂರು ಮತಗಳ ಅಂತರದಲ್ಲಿ ಇಡೀ ದೇಶಕ್ಕೆ ಒಗ್ಗುವ ಒಂದು ನಡುದಾರಿ ಕಳೆದುಹೋಯಿತು ಎಂದೇ ನಾನು ನಂಬುತ್ತೇನೆ.

ಎಲ್ಲಕ್ಕೂ ಇಲ್ಲ ಎಂದ ಸಂಸತ್ತು, ಏನೂ ಮಾಡದಿದ್ದರೆ ಆಗುವುದಕ್ಕೂ ಇಲ್ಲ ಎಂದಿತ್ತು. ಒಪ್ಪಂದವಿಲ್ಲದೆ ಹೊರಬೀಳುವುದನ್ನು ಮಾರ್ಚ್ 13ರಂದು 321–278ರಿಂದ ತಿರಸ್ಕರಿಸಿತು. ಆದರೆ ಗೊತ್ತುವಳಿಯಿಂದ ಗಡಿಯಾರ ನಿಲ್ಲುವುದಿಲ್ಲ. ಯಾರ ಮತವೂ ಇಲ್ಲದೆ ತಾನಾಗಿ ಜಾರಿಯಾಗುವ ಆಯ್ಕೆ ಅದೊಂದೇ. ಅದನ್ನು ತಡೆಯಬೇಕಾದರೆ ಬೇರೆ ಏನನ್ನಾದರೂ ಒಪ್ಪಬೇಕಿತ್ತು, ಅವಧಿ ಕೇಳಬೇಕಿತ್ತು, ಇಲ್ಲವೆ ನೋಟಿಸನ್ನೇ ಹಿಂಪಡೆಯಬೇಕಿತ್ತು. ಒಬ್ಬರ ಒಪ್ಪಿಗೆಯೂ ಬೇಡದೆ ನೋಟಿಸ್ ಹಿಂಪಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದೇ ಹೇಳಿತ್ತು, ಆದರೆ ಅದಕ್ಕೆ ಸಭೆಯಲ್ಲಿ ಸಿಕ್ಕಿದ್ದು 191 ಮತ. ಹಾಗಾಗಿ ಅವಧಿ ಕೇಳುವುದೊಂದೇ ಉಳಿಯಿತು. ಗಡುವು ಮಾರ್ಚ್ 29ರಿಂದ ಏಪ್ರಿಲ್ 12ಕ್ಕೆ, ಅಲ್ಲಿಂದ ಅಕ್ಟೋಬರ್ 31ಕ್ಕೆ, ಕೊನೆಗೆ 2020ರ ಜನವರಿ 31ಕ್ಕೆ ಸರಿಯಿತು.

ಸರ್ಕಾರ ಹೀಗೆ ಸೋತಾಗ ಸಭೆ ವಿಸರ್ಜಿಸಿ ಚುನಾವಣೆಗೆ ಹೋಗುವುದು ಸಂಸದೀಯ ಪದ್ಧತಿಯಲ್ಲಿ ಹಳೆಯ ಔಷಧ. 2011ರ ನಿಗದಿತ ಅವಧಿ ಸಂಸತ್ತು ಕಾಯ್ದೆ ಆ ಔಷಧವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತ್ತು. ಅವಧಿಗೆ ಮೊದಲು ಚುನಾವಣೆ ಬೇಕೆಂದರೆ ಒಟ್ಟು ಸ್ಥಾನಗಳ ಮೂರನೇ ಎರಡು ಭಾಗ, ಅಂದರೆ 434 ಮತ ಬೇಕಿತ್ತು. ಇಲ್ಲವೆ ಅವಿಶ್ವಾಸ ನಿರ್ಣಯದಲ್ಲಿ ಸರ್ಕಾರ ಸೋತು 14 ದಿನಗಳೊಳಗೆ ಬೇರಾವ ಸರ್ಕಾರವೂ ವಿಶ್ವಾಸ ಗಳಿಸದಿರಬೇಕಿತ್ತು (ಆ ಕಾಯ್ದೆ 2022ರಲ್ಲಿ ರದ್ದಾಯಿತು). ಮೇ ಒಪ್ಪಂದ 230 ಮತಗಳಿಂದ ಸೋತ ಮರುದಿನವೇ ಅವರ ಸರ್ಕಾರ ಅವಿಶ್ವಾಸ ನಿರ್ಣಯವನ್ನು 325–306ರಿಂದ ಗೆದ್ದದ್ದು ಗೊತ್ತೆ? ಮುಖ್ಯ ನೀತಿಯನ್ನು ಸೋಲಿಸಿದವರೇ ಸರ್ಕಾರವನ್ನು ಉಳಿಸಿದರು. ಕೆಲಸ ಮಾಡಲೂ ಆಗದ, ಬೀಳಲೂ ಆಗದ ಸರ್ಕಾರ ಹೀಗೆ ಹುಟ್ಟುತ್ತದೆ.

ಜುಲೈ 24ರಂದು ಪ್ರಧಾನಿಯಾದ ಬೋರಿಸ್ ಜಾನ್ಸನ್ ಬೀಗ ಒಡೆಯಲು ಹೋದರು. ಸಂಸತ್ತನ್ನು ಐದು ವಾರ ಅಮಾನತಿನಲ್ಲಿಡುವ ಅವರ ಕ್ರಮವನ್ನು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು ಒಮ್ಮತದಿಂದ ರದ್ದುಪಡಿಸಿದರು. ಪಕ್ಷದ ವಿರುದ್ಧ ಮತ ಹಾಕಿದ 21 ಸದಸ್ಯರನ್ನು ಹೊರಹಾಕಿದ್ದರಿಂದ ಇದ್ದ ಅಲ್ಪ ಬಲವೂ ಹೋಯಿತು. ಅಕ್ಟೋಬರ್ 19ರೊಳಗೆ ಒಪ್ಪಂದವಾಗದಿದ್ದರೆ ಪ್ರಧಾನಿ ಅವಧಿ ವಿಸ್ತರಣೆ ಕೇಳಲೇಬೇಕೆಂದು ಲೇಬರ್ ಸಂಸದ ಹಿಲರಿ ಬೆನ್ ಅವರ ಕಾಯ್ದೆ ಕಟ್ಟಿಹಾಕಿತು. ಚುನಾವಣೆಗೆ ಜಾನ್ಸನ್ ಮೂರು ಬಾರಿ ಗೊತ್ತುವಳಿ ತಂದರು. ಮೂರು ಬಾರಿಯೂ ಹೆಚ್ಚು ಮತ ಪರವಾಗಿಯೇ ಬಿದ್ದವು, ಆದರೆ 434 ದಾಟಲಿಲ್ಲ, ಒಮ್ಮೆಯಂತೂ 298–56.

ಕೀಲಿ ಸಿಕ್ಕಿದ್ದು ತೀರಾ ಸರಳವಾದ ಕಡೆ. ಬ್ರಿಟನ್‌ನಲ್ಲಿ ಸಂಸತ್ತೇ ಸಾರ್ವಭೌಮ. ಹಳೆಯ ಕಾಯ್ದೆ ಮೂರನೇ ಎರಡು ಭಾಗ ಕೇಳಿದರೂ, ಅದನ್ನು ಬದಿಗಿಟ್ಟು ‘ಡಿಸೆಂಬರ್ 12ರಂದು ಚುನಾವಣೆ’ ಎನ್ನುವ ಪುಟ್ಟ ಹೊಸ ಕಾಯ್ದೆಗೆ ಸಾಮಾನ್ಯ ಬಹುಮತ ಸಾಕು. ಅವಧಿ ವಿಸ್ತರಣೆ ಸಿಕ್ಕು ಒಪ್ಪಂದವಿಲ್ಲದೆ ಹೊರಬೀಳುವ ಭಯ ತಪ್ಪಿದ್ದರಿಂದ ವಿರೋಧ ಪಕ್ಷಗಳೂ ಒಪ್ಪಿದವು. ಅಕ್ಟೋಬರ್ 29ರಂದು ಮಸೂದೆ 438–20ರಿಂದ ಪಾಸಾಯಿತು. ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷ 365 ಸ್ಥಾನ ಗೆದ್ದಿತು, 80ರ ಬಹುಮತ ಬಂತು.

ಇದನ್ನು ಜನರ ಮನಸ್ಸು ಬದಲಾಯಿತು ಎಂದು ಓದಬೇಡಿ. ಆ ಪಕ್ಷಕ್ಕೆ ಬಂದ ಮತ ಶೇ 43.6. ಎರಡನೇ ಜನಮತಗಣನೆಗೆ ಒಲವಿದ್ದ ಲೇಬರ್, ಲಿಬರಲ್ ಡೆಮಾಕ್ರಾಟ್, ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ), ಗ್ರೀನ್ ಪಕ್ಷಗಳ ಮತ ಕೂಡಿದರೆ ಅರ್ಧಕ್ಕಿಂತ ತುಸು ಹೆಚ್ಚೇ ಆಗುತ್ತದೆ. ಒಂದು ಕಡೆಯ ಮತ ಒಗ್ಗೂಡಿತು, ಇನ್ನೊಂದು ಕಡೆಯದು ಚದುರಿತು. ಹೆಚ್ಚು ಮತ ಪಡೆದವನೇ ಗೆಲ್ಲುವ ಕ್ಷೇತ್ರ ಪದ್ಧತಿ ಉಳಿದದ್ದನ್ನು ಮಾಡಿತು. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು. ತಮ್ಮ ಹೊಸ ಒಪ್ಪಂದದಲ್ಲಿ ಜಾನ್ಸನ್ ಮುರಿದದ್ದು ಮೇ ಕೊಟ್ಟಿದ್ದ ಮೂರನೇ ಮಾತನ್ನು: ತಪಾಸಣೆ ಸಮುದ್ರಕ್ಕೆ ಸರಿಯಿತು. ಲಂಡನ್ನಿನಲ್ಲಿ ಬಿಚ್ಚಿದ ಗಂಟು ಬೆಲ್‌ಫಾಸ್ಟ್‌ನಲ್ಲಿ ಬಿತ್ತು. ಇದನ್ನು ಪ್ರತಿಭಟಿಸಿ ಡಿಯುಪಿ ಹೊರನಡೆದದ್ದರಿಂದ ಉತ್ತರ ಐರ್ಲೆಂಡಿನ ಪ್ರಾಂತೀಯ ಸರ್ಕಾರ 2022ರ ಫೆಬ್ರವರಿಯಿಂದ 2024ರ ಫೆಬ್ರವರಿವರೆಗೆ ಎರಡು ವರ್ಷ ಸ್ತಬ್ಧವಾಯಿತು.

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಇನ್ನೊಂದು ಜನಮತಗಣನೆ ನಡೆಸಬಹುದಿತ್ತು, ಆದರೆ ಅದು ತಿಂಗಳೊಪ್ಪತ್ತಿನಲ್ಲಿ ಆಗುವ ಕೆಲಸವಲ್ಲ. ಮೊದಲು ಹೊಸ ಕಾಯ್ದೆ ಬೇಕು. ಪ್ರಶ್ನೆಯ ಪದಗಳನ್ನು ಚುನಾವಣಾ ಆಯೋಗ ಜನರ ಮೇಲೆ ಪರೀಕ್ಷಿಸಬೇಕು, ಅದಕ್ಕೆ ಸುಮಾರು 12 ವಾರ. ಆಮೇಲೆ ಪ್ರಚಾರದ ನಿಯಂತ್ರಿತ ಅವಧಿ ಕನಿಷ್ಠ 10 ವಾರ. ಕೆಲವನ್ನು ಜೊತೆಜೊತೆಗೆ ಮುಗಿಸಿದರೂ ಒಟ್ಟು ಕನಿಷ್ಠ 22 ವಾರ ಬೇಕೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂವಿಧಾನ ಅಧ್ಯಯನ ಘಟಕ ಲೆಕ್ಕ ಹಾಕಿತ್ತು. ಗಡುವಿಗೆ ವಾರಗಳಷ್ಟೇ ಇದ್ದಾಗ ಇದು ಅವಧಿ ವಿಸ್ತರಣೆಯಿಲ್ಲದೆ ಸಾಧ್ಯವಿರಲಿಲ್ಲ. ಇನ್ನೂ ಗಂಭೀರ ತೊಡಕು ಮತಪತ್ರದ್ದು. ಮೇ ಒಪ್ಪಂದ ಮತ್ತು ಉಳಿಯುವುದು ಎಂದು ಎರಡೇ ಆಯ್ಕೆ ಕೊಟ್ಟರೆ ಒಪ್ಪಂದವಿಲ್ಲದೆ ಹೊರಡಬೇಕೆಂದವರು ಬಹಿಷ್ಕರಿಸುತ್ತಿದ್ದರು. ಮೂರು ಕೊಟ್ಟರೆ ‘ಬಿಡೋಣ’ ಎನ್ನುವವರ ಮತ ಎರಡಾಗಿ ಸೀಳುತ್ತಿತ್ತು; ಆದ್ಯತಾ ಮತ ಬೇಕಾಗುತ್ತಿತ್ತು. ಮತಪತ್ರದಲ್ಲಿ ಏನಿರಬೇಕು ಎಂಬುದಕ್ಕೇ ಸಭೆಯಲ್ಲಿ ಬಹುಮತ ಬೇಕು, ಇಲ್ಲದಿದ್ದದ್ದೂ ಅದೇ.

ಇನ್ನು ಸರಿಯಾಗಿ ನಡೆಸುವ ಬಗೆ. ಎರಡು ಮಾದರಿಗಳು ಕಣ್ಣ ಮುಂದಿವೆ. ನ್ಯೂಜಿಲೆಂಡ್ ತನ್ನ ಚುನಾವಣಾ ಪದ್ಧತಿಯನ್ನು ಎರಡು ಹಂತದಲ್ಲಿ ಬದಲಿಸಿತು. 1992ರಲ್ಲಿ ಬದಲಾವಣೆ ಬೇಕೆ, ಬೇಕಾದರೆ ನಾಲ್ಕರಲ್ಲಿ ಯಾವ ಪದ್ಧತಿ ಎಂದು ಎರಡು ಪ್ರಶ್ನೆ ಕೇಳಿತು. ಬದಲಾವಣೆ ಬೇಕೆಂದವರು ಶೇ 84.7. ಆದರೂ ಅಷ್ಟಕ್ಕೇ ಬದಲಿಸಲಿಲ್ಲ. ಗೆದ್ದ ಪದ್ಧತಿಯ ಕಾನೂನನ್ನು ಪೂರ್ತಿ ಬರೆದು, 1993ರಲ್ಲಿ ಅದನ್ನು ಹಳೆಯದರ ಎದುರು ನಿಲ್ಲಿಸಿತು. ಆಗ ಗೆಲುವಿನ ಪ್ರಮಾಣ ಶೇ 53.9ಕ್ಕೆ ಇಳಿಯಿತು. ಇಳಿದ ಆ ಸುಮಾರು 31 ಅಂಶಗಳಲ್ಲೇ ಪಾಠವಿದೆ: ಬದಲಾವಣೆ ಬೇಕು ಎನ್ನುವವರೆಲ್ಲ ಈ ಬದಲಾವಣೆಯೇ ಬೇಕು ಎನ್ನುವವರಲ್ಲ. ಫಲಿತಾಂಶ ಬಂದೊಡನೆ ಸಿದ್ಧವಿದ್ದ ಕಾನೂನು ಜಾರಿಯಾಯಿತು, ಸಂಸತ್ತಿನಲ್ಲಿ ಜಗ್ಗಾಟಕ್ಕೆ ಏನೂ ಉಳಿದಿರಲಿಲ್ಲ. ಐರ್ಲೆಂಡ್ 2018ರ ಮೇ 25ರಂದು ಗರ್ಭಪಾತ ನಿಷೇಧದ ವಿಧಿಯ ಬಗ್ಗೆ ಕೇಳುವ ಮುನ್ನ ಅದನ್ನು ನಾಗರಿಕರ ಸಭೆಯ ಮುಂದಿಟ್ಟು ಚರ್ಚಿಸಿತು. ತಿದ್ದುಪಡಿ ಗೆದ್ದರೆ ತರಲಿರುವ ಕಾನೂನಿನ ಕರಡನ್ನು, ಎಷ್ಟು ವಾರಗಳವರೆಗೆ ಅವಕಾಶ ಎಂಬ ವಿವರದ ಸಮೇತ, ಮತದಾನಕ್ಕೆ ಮೊದಲೇ ಪ್ರಕಟಿಸಿತು. ಶೇ 66.4ರಷ್ಟು ಜನ ಹೌದು ಎಂದರು, ವರ್ಷ ಮುಗಿಯುವುದರೊಳಗೆ ಕಾಯ್ದೆಯಾಯಿತು.

ಶೇ 50 ದಾಟಿದರೆ ಸಾಲದು, ದೊಡ್ಡ ಮಿತಿ ಇಡಬೇಕು ಎಂಬ ಸಲಹೆಯೂ ಆಗಾಗ ಕೇಳಿಬರುತ್ತದೆ. 2016ರಲ್ಲಿ ಒಟ್ಟು ಮತದಾರರ ಪೈಕಿ ‘ಬಿಡೋಣ’ ಎಂದವರು ಶೇ 37ರಷ್ಟು ಮಾತ್ರ ಎಂಬುದು ಹಾಗೆ ಹೇಳುವವರ ವಾದ. ನಾನು ಇದನ್ನು ಒಪ್ಪುವುದಿಲ್ಲ. ಮಿತಿಯಿಂದ ಪ್ರಶ್ನೆ ಸ್ಪಷ್ಟವಾಗುವುದಿಲ್ಲ, ಸೋತವರ ಸಿಟ್ಟು ಗೆದ್ದವರಿಗೆ ವರ್ಗವಾಗುತ್ತದೆ ಅಷ್ಟೆ. ಬ್ರಿಟನ್ ಇದನ್ನೂ ಮಾಡಿ ನೋಡಿದೆ. 1979ರ ಮಾರ್ಚ್ 1ರಂದು ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೆ ಎಂದು ಕೇಳಿದಾಗ, ಒಟ್ಟು ಮತದಾರರಲ್ಲಿ ಶೇ 40 ಮಂದಿ ಹೌದು ಎನ್ನಲೇಬೇಕೆಂಬ ಷರತ್ತಿತ್ತು. ಮತ ಹಾಕಿದವರಲ್ಲಿ ಶೇ 51.6 ಮಂದಿ ಹೌದು ಎಂದರು, ಆದರೆ ಅದು ಒಟ್ಟು ಮತದಾರರ ಶೇ 32.9 ಮಾತ್ರ. ಶಾಸನಸಭೆ ಬರಲಿಲ್ಲ. ಎಸ್‌ಎನ್‌ಪಿ ಸರ್ಕಾರದ ವಿರುದ್ಧ ತಿರುಗಿತು. ಅದೇ ತಿಂಗಳ 28ರಂದು ಪ್ರಧಾನಿ ಜೇಮ್ಸ್ ಕ್ಯಾಲಹನ್ ಸರ್ಕಾರ 311–310ರಿಂದ, ಒಂದೇ ಒಂದು ಮತದ ಅಂತರದಲ್ಲಿ, ಉರುಳಿತು.